ಕಾಮಾ ಇಲ್ಲದ ಓದು

ಓದಕ್ಕನಿಗೆ ಹೊಟ್ಟೆಪಾಡು ಎಂದರೆ ಓದುವುದೇ. ಪ್ರಕಾಶನದ ಪ್ರೂಫ್ ಕೋಣೆಯಲ್ಲಿ ಎದುರಿಗೆ ಕೂತವರು ಅಚ್ಚಿನ ಹಾಳೆ ತಿದ್ದುತ್ತಿದ್ದರೆ, ಇವಳು ಲೇಖಕರ ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಅದೂ ಹೇಗೆ? ‘ಅವಳು ಬಂದಳು ಕಾಮಾ ಕೂತಳು ಕಾಮಾ ಅತ್ತಳು ಫುಲ್‌ಸ್ಟಾಪ್ ಹೊಸ ಪ್ಯಾರಾ.’ ಒಂದು ಚಿಹ್ನೆ ಬಿಟ್ಟರೂ ಪುಸ್ತಕ ಕೆಟ್ಟಿತು ಅಂತಲೇ ಲೆಕ್ಕ. ಅರ್ಧ ಆಯಸ್ಸು ಹೀಗೇ ಓದಿದಳು. ಅತ್ತವಳು ಯಾಕೆ ಅತ್ತಳು ಎಂದು ಕೇಳಲು ಪುರುಸೊತ್ತೆಲ್ಲಿತ್ತು?

ಅವಳ ಅತ್ತೆಗೆ ಅಕ್ಷರ ಬಾರದು, ಮಾತು ಮಾತ್ರ ಅರಳು ಹುರಿದಂತೆ. “ನಮ್ಮ ಸೊಸೆ ದಿನವಿಡೀ ಓದ್ತಾಳಂತೆ. ಮನೇಲಿ ಒಂದು ಕತೆ ಹೇಳೇ ಅಂದ್ರೆ ಬಾಯಿಗೆ ಬೀಗ,” ಎಂದು ಅಕ್ಕಪಕ್ಕದವರ ಮುಂದೆ ಆಡಿಕೊಳ್ಳುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆಮೇಲೆ ಪ್ರೂಫ್ ಕೆಲಸ ಕಂಪ್ಯೂಟರ್ ಪಾಲಾಯಿತು. ಪ್ರಕಾಶನದ ಒಡತಿ ಓದಕ್ಕನನ್ನು ಕರೆದು ಹೇಳಿದಳು: “ಅಕ್ಕಾ, ಈಗ ಜನ ಪುಸ್ತಕಾನ ಫೋನಲ್ಲಿ ಕೇಳ್ತಾರೆ. ನಮ್ಮ ಹಳೇ ಕಾದಂಬರಿದು ಮೊದಲ ಅಧ್ಯಾಯ ಓದಿ, ರೆಕಾರ್ಡ್ ಮಾಡೋಣ. ಚೆನ್ನಾಗಿ ಬಂದ್ರೆ ಕೆಲಸ ನಿಮ್ದೇ. ಇಲ್ಲಾಂದ್ರೆ ಯಂತ್ರದ ದನಿ ಇದ್ದೇ ಇದೆ.”

ಓದುವುದು ತಾನೇ, ನೀರು ಕುಡಿದಷ್ಟು ಸುಲಭ ಎಂದುಕೊಂಡು ಓದಕ್ಕ ಗಾಜಿನ ಕೋಣೆ ಹೊಕ್ಕಳು. ಕೆಂಪು ದೀಪ ಹತ್ತಿತು.

“ದೋಣಿ ಹೊರಟಿತು ಕಾಮಾ ಗಾಳಿ ಎದ್ದಿತು ಫುಲ್‌ಸ್ಟಾಪ್.”

ಗಾಜಿನಾಚೆ ರೆಕಾರ್ಡಿಂಗಿನವನು ಬಾಯಿಗೆ ಕೈ ಅಡ್ಡ ಹಿಡಿದ. ಮತ್ತೆ ಓದಿದಳು, ಮತ್ತೆ ಕಾಮಾ. ನಾಲಿಗೆ ಕಚ್ಚಿಕೊಂಡು ಓದಿದರೆ ಮಾತೇ ಹೊರಡದು. ನಾಚಿಕೆಗೆ ಕಿವಿ ಬಿಸಿಯಾಯಿತು. ಒಡತಿ ಮೆಲ್ಲಗೆ, “ನಾಳೆ ಇನ್ನೊಂದು ಸಲ ನೋಡೋಣ ಅಕ್ಕಾ. ಆಗ್ಲಿಲ್ಲಾಂದ್ರೆ ಬಿಟ್ಬಿಡೋಣ,” ಎಂದಳು.

ಮನೆಯಲ್ಲಿ ಅತ್ತೆ ಅವಳ ಬಾಯಿ ಬಿಡಿಸಿ ಎಲ್ಲವನ್ನೂ ತಿಳಿದುಕೊಂಡಳು.

“ಎದುರಿಗೆ ತಿದ್ದೋರು ಕೂತಿದಾರೆ ಅಂತ್ಲೇ ಅನ್ಸುತ್ತೆ ಅತ್ತೆ. ತಾನಾಗೇ ಬಂದ್ಬಿಡುತ್ತೆ.”

“ತಿದ್ದಕ್ಕೆ ಬರದೇ ಇರೋಳು ಕೂತ್ರೆ?” ಎಂದಳು ಅತ್ತೆ.

ಮರುದಿನ ಗಾಜಿನ ಕೋಣೆಯಲ್ಲಿ ಅತ್ತೆಗೂ ಒಂದು ಕುರ್ಚಿ ಬಿತ್ತು. ತುಟಿ ಪಿಟಕ್ಕೆನ್ನಬಾರದು ಎಂಬ ಕರಾರಿನ ಮೇಲೆ. ಓದಕ್ಕ ಶುರುಮಾಡಿದಳು. ದೋಣಿ ಹೊರಟಿತು. ಅತ್ತೆ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ಗಾಳಿ ಎದ್ದಿತು. ಅತ್ತೆ ಕುರ್ಚಿಯ ತೋಳು ಹಿಡಿದಳು. ಅಂಬಿಗನ ಕೈಯಿಂದ ಹುಟ್ಟು ಜಾರಿತು, ಅತ್ತೆಯ ಕೈ ಕೆನ್ನೆಗೆ ಹೋಯಿತು. ಓದಕ್ಕನ ಕಣ್ಣು ಪುಟದಿಂದ ಆ ಮುಖಕ್ಕೆ, ಆ ಮುಖದಿಂದ ಪುಟಕ್ಕೆ ಓಡಾಡುತ್ತಿತ್ತು. ಕಾಮಾಗಳು ಎಲ್ಲಿ ಹೋದವೋ! ಅವು ಇದ್ದಲ್ಲೆಲ್ಲ ಅತ್ತೆ ಉಸಿರು ಬಿಗಿಹಿಡಿಯುತ್ತಿದ್ದಳು. ಈ ಕಾದಂಬರಿಯ ಮೂಲಪ್ರತಿಯನ್ನು ಒಂದು ಕಾಲಕ್ಕೆ ಇದೇ ಓದಕ್ಕ ಎರಡು ಸಲ ಓದಿದ್ದಳು. ಆ ದೋಣಿಯಲ್ಲಿ ಒಬ್ಬ ತಾಯಿ, ಒಂದು ಮಗು ಇದ್ದಾರೆಂಬುದು ಅವಳಿಗೆ ಈಗ ತಿಳಿಯಿತು.

ಅಧ್ಯಾಯ ಮುಗಿದು ದೀಪ ಆರಿತು. ಒಡತಿ ಬಾಗಿಲು ತೆರೆದು, “ಕೆಲಸ ನಿಮ್ದೇ ಅಕ್ಕಾ,” ಎಂದಳು. ಓದಕ್ಕ ಪುಸ್ತಕ ಮುಚ್ಚಿ ಎದ್ದಳು.

“ಎಲ್ಲಿಗೆ ಹೊರಟೆ?” ಅತ್ತೆ ಕೂತಲ್ಲಿಂದ ಅಲುಗಲಿಲ್ಲ. “ಆ ತಾಯಿ ಮಗೂನ ನಡುನೀರಲ್ಲಿ ಬಿಟ್ಟು?”

ಒಡತಿ ನಕ್ಕು ಗಾಜಿನಾಚೆ ಸನ್ನೆ ಮಾಡಿದಳು. ದೀಪ ಮತ್ತೆ ಹತ್ತಿತು. ಓದಕ್ಕ ಕೂತು ಪುಟ ತಿರುಗಿಸಿದಳು. ಮುಂದೇನಾಯಿತೆಂದು ಅವಳಿಗೂ ಗೊತ್ತಿರಲಿಲ್ಲ.