ಒಂದೇ ಕೈಯ ರೊಟ್ಟಿ

ರೇಣುಕವ್ವ ತೀರಿಕೊಂಡ ಸುದ್ದಿಯನ್ನು ಹೊಳೆಯಪ್ಪ ಹಿರೇವಡ್ಡಟ್ಟಿಯ ಓಣಿಯಲ್ಲಿ ನಿಂತು ಕೂಗಿ ಹೇಳಬೇಕಾಯಿತು. ಗದಗಿನ ಆಸ್ಪತ್ರೆಯಲ್ಲಿ ತಾಯಿಯ ಬಳಿಯಿದ್ದ ಮಗ ವೀರೇಶನಿಗೆ ಅಪ್ಪನಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ನೆರೆಮನೆಯ ಹೊಳೆಯಪ್ಪನಿಗೆ ಹೇಳಿದ್ದ. ರೇಣುಕವ್ವನ ಮನೆಯ ಗೇಟಿನೊಳಗೆ ಆಕೆಯ ನಾಯಿ ಸರದಾರ ಹಲ್ಲು ಕಿರಿದು ನಿಂತಿತ್ತು.

“ಕಾಕಾ, ಮೊದ್ಲ ನಾಯಿ ಹಿಡೀರಿ.”

“ಅಲ್ಲಿಂದನ ಹೇಳೋ,” ಎಂದ ರೇಣುಕವ್ವನ ಗಂಡ ನಿಜಲಿಂಗಪ್ಪ.

“ಒಳಗ ಬಂದು ಹೇಳೂ ಮಾತೈತ್ರಿ.”

ನಾಯಿ ಬೊಗಳುತ್ತಲೇ ಇತ್ತು. ಕೊನೆಗೆ ಹೊಳೆಯಪ್ಪ ದನಿ ಎತ್ತಿ, “ಕಾಕಿ ಹೋದ್ಲಂತ್ರಿ,” ಎಂದ. ಗಂಡನಿಗೆ ತಿಳಿದ ಗಳಿಗೆಯಲ್ಲೇ ಓಣಿಗೂ ತಿಳಿಯಿತು.

ಮಣ್ಣು ಮಾಡಿ ಬಂದ ಮೇಲೆ, ಹನ್ನೊಂದನೆಯ ದಿನ ಗಣಾರಾಧನೆ ಎಂದು ನಿಗದಿಯಾಯಿತು. ಮಠದ ಅಯ್ಯನವರು ಮನೆಗೆ ಬರಬೇಕು, ನಿಜಲಿಂಗಪ್ಪ ಕೈಯಾರೆ ಅವರ ಪಾದಪೂಜೆ ಮಾಡಬೇಕು. ಹೆಂಡತಿಗೆ ಆತ ಸಲ್ಲಿಸಬಹುದಾದ ಕಡೆಯ ಸೇವೆ ಅದು. ಅದಕ್ಕೆ ಅಡ್ಡ ನಿಂತದ್ದು ಆಕೆಯೇ ಸಾಕಿದ ನಾಯಿ.

ಹಿಂದಿನ ನಾಯಿಗೆ ಕಳ್ಳರು ವಿಷ ಹಾಕಿ ಹೊಲದ ಪಂಪ್‌ಸೆಟ್ಟು ಒಯ್ದಿದ್ದರು. ಈ ಮರಿ ತನ್ನ ಕೈಯ ರೊಟ್ಟಿಯನ್ನಷ್ಟೇ ತಿನ್ನಬೇಕೆಂದು ರೇಣುಕವ್ವ ಹಠ ಹಿಡಿದಳು. ಓಣಿಯವರಿಂದ ರೊಟ್ಟಿ ಹಾಕಿಸುವಳು; ಮರಿ ಮುಟ್ಟಿದರೆ ಮೂತಿಗೆ ಬಡಿಯುವಳು. ಹೀಗೆ ಬೆಳೆದ ನಾಯಿಗೆ ಬಳಿಗೆ ಬಂದ ಹೊರಗಿನವರೆಲ್ಲ ವೈರಿಗಳಾದರು. ನಿಜಲಿಂಗಪ್ಪ ಆಗ ನಕ್ಕು ಸುಮ್ಮನಿದ್ದ.

ಮುಂಡರಗಿಯಿಂದ ಬಂದ ದನದ ಡಾಕ್ಟರು ದೂರದಿಂದಲೇ ನೋಡಿದರು.

“ಹೊಡೀಬ್ಯಾಡ್ರಿ ಯಜಮಾನ್ರ. ದಿನಾ ಒಬ್ಬರನ್ನ ದೂರ ಕುಂದ್ರಸ್ರಿ. ಅದು ಸುಮ್ಮನಿದ್ದಾಗ ರೊಟ್ಟಿ ಹಾಕ್ರಿ. ಮಾರನೇ ದಿನ ಒಂದು ಹೆಜ್ಜಿ ಹತ್ರ.”

“ಎಷ್ಟು ದಿನ ಹಿಡಿತೈತ್ರಿ?”

“ತಿಂಗಳಗಟ್ಟಲೆ.”

“ನನ್ನ ಹತ್ರ ಎಂಟು ದಿನ ಅದಾವ್ರಿ.”

ಹೊಲಕ್ಕೆ ಒಯ್ದು ಕಟ್ಟಿದರೆ ಸರಪಳಿ ಕಿತ್ತುಕೊಂಡು ಮನೆಗೆ ಬಂತು. ಬಾಯಿಗೆ ಪಟ್ಟಿ ಕಟ್ಟಲು ಹೋದ ವೀರೇಶನ ಅಂಗೈ ಸೀಳಿತು. ಎರಡು ದಿನ ಉಪವಾಸವಿದ್ದು ಕಡೆಗೆ ನಿಜಲಿಂಗಪ್ಪನ ಕೈಯ ರೊಟ್ಟಿ ತಿಂದಿತು. ಡಾಕ್ಟರು ಹೇಳಿದಂತೆ ಹೊಳೆಯಪ್ಪನನ್ನು ದಿನವೂ ದೂರ ಕೂರಿಸಿದರು; ರೇಣುಕವ್ವ ತೀರಿದ ಎಂಟನೆಯ ದಿನ ಅವನು ಹತ್ತು ಹೆಜ್ಜೆ ದೂರ ಕುಳಿತರೂ ಬೊಗಳಲಿಲ್ಲ. ನಿಜಲಿಂಗಪ್ಪನ ಮುಖಕ್ಕೆ ಕಳೆ ಬಂತು.

ಅಷ್ಟರಲ್ಲಿ ಬಾಳೆಹೊಸೂರಿನಿಂದ ಮಾತಾಡಿಸಲು ಬಂದ ಆತನ ಅಕ್ಕ ಸಾವಕ್ಕ ಗೇಟು ತೆರೆದಳು. ನಾಯಿ ಗುರ್ ಎಂದಿತು. ಅವಳು ಮೂಲೆಯ ಬಡಿಗೆ ಎತ್ತಿ ಎರಡು ಬಾರಿಸಿದಳು.

“ನೆತ್ತಿಮ್ಯಾಲೆ ಕುಂದ್ರಿಸಿಕೊಂಡೀರಿ ಇದನ್ನ. ನಾಕು ಬಿದ್ರ ನೆಟ್ಟಗಾಕ್ಕೈತಿ.”

“ಅಕ್ಕಾ, ಅಳಾಕ ಬಂದೀಯೋ, ನಾಯಿ ಬಡಿಯಾಕ ಬಂದೀಯೋ?”

ಅಂದಿನಿಂದ ಸರದಾರ ಹೊಳೆಯಪ್ಪನ ನೆರಳು ಕಂಡರೂ ಎಗರತೊಡಗಿತು.

ಹನ್ನೊಂದನೆಯ ದಿನ ಅಯ್ಯನವರು ಬಂದು ಗೇಟಿನ ಹೊರಗೆ ನಿಂತರು. ನಿಜಲಿಂಗಪ್ಪ ನಾಯಿಯ ಬಗಲಲ್ಲಿ ಕುಳಿತು ಕೊರಳಪಟ್ಟಿ ಹಿಡಿದರೆ ಅದು ಸುಮ್ಮನಾಗುವುದು. ಎದ್ದರೆ ಸರಪಳಿ ಜಗ್ಗುವುದು. ಮೂರು ಸಲ ಎದ್ದ, ಮೂರು ಸಲ ಕುಳಿತ.

“ನೀ ಅಲ್ಲೇ ಕುಂಡ್ರು ನಿಜಲಿಂಗಪ್ಪಾ,” ಎಂದರು ಅಯ್ಯನವರು. “ಪೂಜಿ ವೀರೇಶ ಮಾಡ್ತಾನ.”

ಅವರು ಒಳಗೆ ಹೋದರು. ಗಂಟೆಯ ಸದ್ದು ಅಂಗಳಕ್ಕೆ ಕೇಳಿತು. ನಿಜಲಿಂಗಪ್ಪನಿಗೆ ಸಿಟ್ಟು ಉಕ್ಕಿತು. “ಎಂಥಾ ಕೆಲಸ ಮಾಡಿ ಹೋದಿ,” ಎಂದು ಹೆಂಡತಿಯನ್ನೇ ಬೈದ. ಬೈದ ಮರುಗಳಿಗೆಯೇ, ಒಂದು ಕೈಯಲ್ಲಿ ಕೊರಳಪಟ್ಟಿ ಬಿಡದೆ, ಇನ್ನೊಂದರಿಂದ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡ.

“ಶಿವನೇ, ಆಕಿ ತಪ್ಪು ಹೊಟ್ಟಿಗೆ ಹಾಕ್ಕೋ. ನನ್ನ ಕೈಯಿಂದ ಪೂಜಿ ಆಗಲಿಲ್ಲಂತ ಆಕಿಗೆ ಏನೂ ಕಡಿಮಿ ಮಾಡಬ್ಯಾಡ. ನಿನ್ನ ಪಾದದಾಗ ತಣ್ಣಗ ಇಟ್ಕೋ.”