ಕಿಡಿಯೊ ಹಿಟ್ಟಿನ ಮೇಲಿನ ಮುದ್ರೆ

ಗ್ಲೆನ್ ವೇವರ್ಲಿಯ ಮನೆಯಲ್ಲಿ ವೆರೋನಿಕಾ ಕ್ರಿಸ್ಮಸ್ಸಿನ ಸಿಹಿತಿಂಡಿ ಕಿಡಿಯೊ ಕರಿಯಲು ಹಿಟ್ಟು ನಾದುತ್ತಿದ್ದಳು. ಸಿಡ್ನಿಯಲ್ಲಿ ಹಳೆಯ ಹೀಬ್ರೂ ಬರಹಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದ ಮಗಳು ಲೀಶಾ ರಜೆಗೆ ಬಂದವಳು, ಲ್ಯಾಪ್‌ಟಾಪು ತಂದು ಒಂದು ಫೋಟೋ ತೋರಿಸಿದಳು. ಜೆರುಸಲೇಮಿನ ಹತ್ತಿರ ನೆಲ ಅಗೆದವರಿಗೆ ಸಿಕ್ಕ, ಕಡಲೆಬೀಜದಷ್ಟು ಪುಟ್ಟ ಕಲ್ಲಿನ ಮುದ್ರೆ. ಎರಡೂವರೆ ಸಾವಿರ ವರ್ಷ ಹಳೆಯದು. ಮೇಲೆ ನಾಲ್ಕೇ ಅಕ್ಷರ.

"ನಮ್ಮ ಪ್ರೊಫೆಸರ್ ಫೋಟೋ ನೋಡಿಯೇ ಓದಿಬಿಟ್ರು ಮಮ್ಮಿ. ಹನಹಲ್ ಅಂತ. ಯಾವ ರೆಕಾರ್ಡಲ್ಲೂ ಇಲ್ಲದ ಹೆಸರು. ಯಾರೋ ದೊಡ್ಡ ಆಫೀಸರ್ ಇರ್ಬೇಕಂತೆ. ಮಾರ್ಚಲ್ಲಿ ಪಬ್ಲಿಕ್ ಲೆಕ್ಚರ್ ಉಂಟು. ಆದ್ರೆ ಅಕ್ಷರಗಳ ಮುಖ ಉಲ್ಟಾ ಉಂಟಲ್ಲ, ಕೆತ್ತಿದವನಿಗೆ ಕೆಲಸ ಸರಿಯಾಗಿ ಬರ್ತಿರ್ಲಿಲ್ಲ ಅಂತಾರೆ."

ವೆರೋನಿಕಾಗೆ ಚುರ್ರೆಂದಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಅಚ್ಚುಮೊಳೆ ಜೋಡಿಸಿದವಳು ಅವಳು. ಮದುವೆ ಕಾಗದ, ಮರಣದ ಕಾರ್ಡು, ಪ್ರಾರ್ಥನೆ ಪುಸ್ತಕ, ಎಲ್ಲವನ್ನೂ ಮೊಳೆಯಲ್ಲೇ ತಿರುಗುಮುರುಗಾಗಿ ಓದಿ, ತಪ್ಪು ಹೆಕ್ಕಿದ ಮೇಲೆಯೇ ಮಿಷನ್ನಿಗೆ ಕೊಡುತ್ತಿದ್ದಳು.

"ಎಂತ ಮಾರಾಯ್ತಿ, ಮುದ್ರೆ ಇರುವುದು ಓದ್ಲಿಕ್ಕಾ, ಒತ್ಲಿಕ್ಕಾ? ಒತ್ತಿದಾಗ ಸರಿ ಬರ್ಬೇಕಾದ್ರೆ ಕಲ್ಲಲ್ಲಿ ಉಲ್ಟಾನೇ ಕೆತ್ಬೇಕಲ್ಲ! ನಿನ್ನ ಪ್ರೊಫೆಸರ್ ಒತ್ತಿ ನೋಡದೆ ಮೊಳೆಯನ್ನೇ ಓದಿದ್ದಾನೆ. ಆಮೇಲೆ ಆ ಪಾಪದವನಿಗೆ ಕೆಲಸ ಬರ್ಲಿಲ್ಲ ಅಂತ ಬೇರೆ ಹೇಳ್ತಾನಾ?"

ವಿದ್ಯಾರ್ಥಿಗಳಿಗೆಂದು ಬೆಂಕಿಪೊಟ್ಟಣದಷ್ಟು ದೊಡ್ಡದು ಮಾಡಿಸಿದ ಮುದ್ರೆಯ ಪ್ಲಾಸ್ಟಿಕ್ ಪ್ರತಿ ಲೀಶಾಳ ಬ್ಯಾಗಿನಲ್ಲಿತ್ತು. ವೆರೋನಿಕಾ ಅದನ್ನು ಕಸಿದುಕೊಂಡು, ಒರೆಸಿ, ಹಿಟ್ಟಿನ ಮೇಲೆ ಒತ್ತಿದಳು. ಹಿಟ್ಟು ಹಿಡಿದಿದ್ದ ಅವಳ ಹೆಬ್ಬೆಟ್ಟೂ ಅಂಚಿನಲ್ಲಿ ಮೂಡಿತು, ಪ್ರೆಸ್ಸಿನ ಕಟ್ಟಿಂಗ್ ಮಿಷನ್ ಕೊಟ್ಟಿದ್ದ ಅಡ್ಡ ಗಾಯದ ಗುರುತಿನ ಸಮೇತ.

ಲೀಶಾ ಬಗ್ಗಿ, ಹೀಬ್ರೂ ಓದುವಂತೆ ಬಲದಿಂದ ಎಡಕ್ಕೆ ಓದಿದಳು. ಮತ್ತೊಮ್ಮೆ ಓದಿದಳು.

"ಕೊನೆಯಲ್ಲಿದ್ದ ಲ ಈಗ ಮೊದಲು ಬಂತು ಮಮ್ಮಿ, ಹೀಬ್ರೂವಲ್ಲಿ ಹೆಸರಿನ ಮುಂದೆ ಲ ಅಂದ್ರೆ ಇಂಥವರದ್ದು ಅಂತ. ಹನ್ನಾಳದ್ದು ಅಂತ ಉಂಟು. ಓ ದೇವರೇ, ಇದು ಹೆಂಗಸಿನ ಮುದ್ರೆ!"

"ನೋಡು! ಅವಳ ಹೆಸರು ತಿಂದು ಒಬ್ಬ ಗಂಡಸನ್ನು ಹುಟ್ಟಿಸಿದ್ದಾನೆ, ಕಳ್ಳ!"

ಅದೇ ದಿನ ಲೀಶಾ ಹಿಟ್ಟಿನ ಫೋಟೋ ತೆಗೆದು, ಇದು ನನ್ನ ತಾಯಿ ಕಂಡದ್ದು ಎಂದು ಬರೆದು ಪ್ರೊಫೆಸರಿಗೆ ಕಳಿಸಿದಳು. ಉತ್ತರ ಎರಡೇ ಸಾಲು. ನಿನ್ನ ತಾಯಿಗೆ ಹೀಬ್ರೂ ಬರುತ್ತದೆಯೇ? ಅಡುಗೆಮನೆ ಸಂಶೋಧನೆ ಬಿಟ್ಟು ಥೀಸಿಸ್ ನೋಡಿಕೋ, ಅದಕ್ಕೆ ಸಹಿ ಹಾಕಬೇಕಾದವನು ನಾನು.

"ಅಬ್ಬಬ್ಬಾ, ಏನು ಧಿಮಾಕು! ಕನ್ನಡ, ಕೊಂಕಣಿ, ಇಂಗ್ಲಿಷ್ ಮೂರನ್ನೂ ಉಲ್ಟಾ ಓದ್ತಾಳೆ ಅಂತ ಬರೆ ಅವನಿಗೆ," ಎಂದಳು ವೆರೋನಿಕಾ. ಲೀಶಾ ಬರೆಯಲಿಲ್ಲ. ನಾಲ್ಕು ವರ್ಷದ ದುಡಿಮೆ ಅವನ ಪೆನ್ನಿನ ತುದಿಯಲ್ಲಿತ್ತು.

ಮಾರ್ಚಿನಲ್ಲಿ, ಮಗಳು ಬೇಡವೆಂದರೂ ಕೇಳದೆ, ವೆರೋನಿಕಾ ಸಿಡ್ನಿಯ ಲೆಕ್ಚರಿಗೆ ಹೋದಳು. ತಪ್ಪನ್ನೇ ಓದುತ್ತಾನೋ ನೋಡಿಯೇ ಬಿಡುವ ಎಂಬ ಹಟ. ಅವನು ತಪ್ಪು ಓದಲಿಲ್ಲ.

"ಮೊದಲಿನಿಂದಲೂ ನನಗೆ ಅನುಮಾನವಿತ್ತು," ಎಂದ ಪ್ರೊಫೆಸರ್, ಗಂಟಲು ಸರಿಮಾಡಿಕೊಂಡು. "ಇದು ಹನ್ನಾ ಎಂಬ ಮಹಿಳೆಯ ಮುದ್ರೆ."

ಸಭೆಯೆಲ್ಲ ಚಪ್ಪಾಳೆ. ಅವನ ಹಿಂದೆ ಗೋಡೆಯಷ್ಟು ದೊಡ್ಡದಾಗಿ ಅವಳ ಹಿಟ್ಟು! ಕೆಳಗೆ, ಜೇಡಿಮಣ್ಣಿನ ಮೇಲೆ ಪ್ರೊಫೆಸರ್ ತೆಗೆದ ಅಚ್ಚು ಎಂಬ ಬರಹ. ಮಣ್ಣಂತೆ! ತೆಂಗಿನ ಹಾಲು ಹಾಕಿ, ರಟ್ಟೆ ನೋಯುವಷ್ಟು ನಾದಿದ್ದು ಮಣ್ಣಂತೆ! ವೆರೋನಿಕಾಳ ಮೈಯೆಲ್ಲ ಉರಿದುಹೋಯಿತು. ಅವಳು ಏಳಹೋದಳು. ಲೀಶಾ ಕೈ ಹಿಡಿದು ಜಗ್ಗಿದಳು.

"ಪ್ಲೀಸ್ ಮಮ್ಮಿ. ಸಹಿ ಅವರದ್ದೇ ಆಗ್ಬೇಕು."

ಮಗಳ ಮುಖ ನೋಡಿ ಅವಳು ಕೂತಳು. ಹಲ್ಲು ಕಚ್ಚಿಕೊಂಡೇ ಕೂತಳು.

ಕೊನೆಗೆ ಮುಂದಿನ ಸಾಲಿನ ಹೆಂಗಸೊಬ್ಬಳು ಕೇಳಿದಳು, "ಅಂಚಿನಲ್ಲಿರುವ ಆ ಹೆಬ್ಬೆಟ್ಟು ಯಾರದು?"

ಪ್ರೊಫೆಸರ್ ಅದನ್ನು ಆಗಷ್ಟೇ ಕಂಡವನಂತೆ ತಿರುಗಿ ನೋಡಿ ನಕ್ಕ. "ಓ, ಅದಾ? ಯಾರೋ ಅಕ್ಷರ ಬಾರದ ಕೆಲಸದಾಳಿನದು ಇರಬೇಕು."

ವೆರೋನಿಕಾಳ ಕೈ ಹಿಡಿದಿದ್ದ ಬೆರಳುಗಳು ಸಡಿಲವಾದವು. ಅವಳು ನೋಡುತ್ತಿದ್ದಂತೆ ಲೀಶಾ ಎದ್ದು ನಿಂತಳು.

"ಅದು ನನ್ನ ತಾಯಿಯ ಹೆಬ್ಬೆಟ್ಟು. ಮುದ್ರೆ ತಿರುಗಿಸಿ ಓದಬೇಕೆಂದು ತೋರಿಸಿದ್ದೂ ಅವರೇ. ಆ ಫೋಟೋ ನಿಮಗೆ ಕಳಿಸಿದ್ದು ನಾನು."

ಚಪ್ಪಾಳೆ ಹೊಡೆದವರೆಲ್ಲ ಅವರತ್ತ ತಿರುಗಿದರು. ವೆರೋನಿಕಾ ಮಗಳ ಪಕ್ಕ ನಿಂತು, ಗಾಯದ ಹೆಬ್ಬೆಟ್ಟನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು.

"ಮಗಳ ಪುಸ್ತಕಕ್ಕೆ ನಿಮ್ಮ ಸಹಿ ಬೇಕು ಅಂತ ನನಗೂ ಗೊತ್ತುಂಟು, ಸ್ವಾಮಿ," ಎಂದಳು, ತನಗೆ ಬರುವ ಇಂಗ್ಲಿಷಿನಲ್ಲೇ. "ಹಾಕುವುದು ಬಿಡುವುದು ನಿಮ್ಮಿಷ್ಟ. ನನ್ನ ಸಹಿ ನಿಮ್ಮ ಹಿಂದೆ ಗೋಡೆ ಮೇಲೆ ಉಂಟು, ತಿರುಗಿ ನೋಡಿ."