ಅಮಾವಾಸ್ಯೆಯ ಸಮುದ್ರಸ್ನಾನ

“ಏಯ್, ಏಳಿ ಏಳಿ! ಹಗ್ಗದಿಂದಾಚೆ ಹೋಗಿ ಅಂದದ್ದು ಕೇಳ್ಲಿಲ್ವಾ? ಇಲ್ಲಿ ಬುತ್ತಿ ಬಿಚ್ಚಿ ಕೂತ್ರೆ ನಮ್ಮ ಗೆಸ್ಟ್‌ನವ್ರು ಎಲ್ಲಿ ಹೋಗುದು ಮಾರಾಯ್ರೆ?”

ರೆಸಾರ್ಟಿನ ವಾಚ್‌ಮನ್ ಕೋಲಿನ ತುದಿಯಿಂದ ಬುತ್ತಿಯ ಗಂಟನ್ನು ತಿವಿದ. ಪಂಕಜಾಕ್ಷಿಯ ರಾಗಿರೊಟ್ಟಿ ಮರಳಿಗೆ ಬಿತ್ತು.

“ಸರ್ಕಾರದ ಬೀಚು ಅಂತ ದೋಣಿ ಇಳಿಯೋ ಜಾಗ್ದಲ್ಲಿ ಬೋರ್ಡ್ ಹಾಕವ್ರೆ. ನಂಗೂ ಓದಕ್ಕೆ ಬತ್ತದೆ,” ಅಂದಳು ಅವಳು.

“ಬೀಚು ಸರ್ಕಾರದ್ದೇ. ಕುರ್ಚಿ ನಮ್ದು, ನೆರಳು ನಮ್ದು. ನೀವು ಆ ಚರಂಡಿ ಬದಿಗೆ ಹೋಗಿ.”

ಅವರೆಲ್ಲ ಕಡೂರಿನ ಕೊಬ್ಬರಿ ಮಂಡಿಯಲ್ಲಿ ಚಿಪ್ಪು ಬಿಡಿಸುವ ಹೆಂಗಸರು. ಅಮಾವಾಸ್ಯೆಗೆ ಮಂಡಿ ರಜ. ಕಣ್ಣಿಗೆ ಪೊರೆ ಬರುತ್ತಿದ್ದ ಮಹಬೂಬ್ ಬಿ, “ಪೂರಾ ಕತ್ತಲಾಗೋ ಮುಂಚೆ ಒಂದ್ಸಲ ಸಮುದ್ರ ತೋರಿಸ್ರೇ” ಅಂತ ವರ್ಷದಿಂದ ಕೇಳುತ್ತಿದ್ದಳು. ಅದಕ್ಕೇ ಟೆಂಪೋ ಮಾಡಿಕೊಂಡು ಘಾಟಿ ಇಳಿದು, ದೋಣಿ ಹತ್ತಿ, ಈ ದ್ವೀಪಕ್ಕೆ ಬಂದಿದ್ದರು. ಮುದುಕಿಯ ಕಾಲಿಗೆ ಇನ್ನೂ ಒಂದು ಅಲೆಯೂ ತಾಕಿರಲಿಲ್ಲ.

ಕೊಡೆಯ ಕೆಳಗಿನ ಕುರ್ಚಿಯಿಂದ ಒಬ್ಬ ಎದ್ದು ಬಂದ. ಹೂವಿನ ಚಡ್ಡಿ, ಕಪ್ಪು ಕನ್ನಡಕ. ಮಂಡಿ ಸಾವ್ಕಾರ ರುದ್ರಮೂರ್ತಿ! ಅವನು ಬಿಳಿ ಪಂಚೆ ಬಿಟ್ಟು ಬೇರೇನನ್ನೂ ಉಟ್ಟದ್ದನ್ನು ಕಾಣದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

“ಲೇ ಪಂಕಜೀ! ನೀವೇನ್ರೇ ಇಲ್ಲಿ?” ಅಂದವನು ವಾಚ್‌ಮನ್‌ಗೆ, “ಬಿಡಪ್ಪಾ, ನಮ್ಮ ಮಂಡಿ ಆಳುಗ್ಳು” ಅಂದ.

ಪಂಕಜಾಕ್ಷಿಗೆ ಜೀವ ಬಂದಂತಾಯಿತು.

“ಬಂದಿದ್ದು ಒಳ್ಳೇದೇ ಆಯ್ತು. ಅವ್ವನಿಗೆ ಅಮಾವಾಸ್ಯೆ ಸ್ನಾನ ಆಗ್ಬೇಕು, ನಂಗೆ ನೀರು ಅಂದ್ರೆ ಎದೆ ಹೊಡ್ಕೊಳ್ತದೆ. ನೀನು ಹಿಡ್ಕೊಂಡು ಮುಳುಗಿಸ್ಕೊಂಡು ಬಾ. ಮಿಕ್ಕೋರು ಚರಂಡಿ ಕಡೆ ಹೋಗ್ರೇ, ಮಾನ ಕಳೀಬೇಡಿ ನಂದು.”

“ಮಹಬೂಬಮ್ಮನ್ನೂ ಕರ್ಕೊಂಡ್ ಹೋಗ್ತೀನಿ ಸಾವ್ಕಾರ್ರೆ, ಅವ್ಳಿಗೇ ಅಂತ...”

“ಮೊದ್ಲು ಹೇಳಿದ್ ಮಾಡೇ.”

ಸಾವ್ಕಾರನ ತಾಯಿ ವಿಶಾಲಾಕ್ಷಮ್ಮ ಭಾರದ ಹೆಂಗಸು. ಮೊಣಕಾಲಷ್ಟು ನೀರಿಗೆ ಹೋಗುವಷ್ಟರಲ್ಲಿ ಕಾಲಡಿಯ ಮರಳು ಜಾರಿತು. ಪಂಕಜಾಕ್ಷಿಯೂ ಸಮುದ್ರಕ್ಕಿಳಿದದ್ದು ಹುಟ್ಟಿದ ಮೇಲೆ ಅದೇ ಮೊದಲು. ಆದರೆ ಹೆದರಲು ಅವಳಿಗೆ ಪುರುಸೊತ್ತಿರಲಿಲ್ಲ. ಅಲೆಯೊಂದು ಎದೆಗೆ ಅಪ್ಪಳಿಸಿದಾಗ ವಿಶಾಲಾಕ್ಷಮ್ಮ ಅವಳ ಕತ್ತಿಗೆ ಎರಡೂ ಕೈ ಹಾಕಿ ಜೋತುಬಿದ್ದಳು.

“ಬಿಡಬ್ಯಾಡ ಕಣೇ, ಸಾಯ್ತೀನಿ! ನಿನ್ ದಮ್ಮಯ್ಯ, ಬಿಡಬ್ಯಾಡ!”

“ಬಿಡಲ್ಲ ಕಣವ್ವ, ಗಟ್ಟಿಯಾಗ್ ಹಿಡ್ಕೊಳ್ಳಿ.”

ಇಬ್ಬರೂ ಮುಳುಗಿ ಎದ್ದರು. ವಿಶಾಲಾಕ್ಷಮ್ಮ ಉಗುಳುತ್ತಾ, “ಥೂ, ಏನ್ ಉಪ್ಪೇ!” ಎಂದು ಕಿಸಕ್ಕನೆ ನಕ್ಕಳು. ಪಂಕಜಾಕ್ಷಿಗೂ ನಗು ಬಂತು. ಮಂಡಿಯ ಹಿತ್ತಲಲ್ಲಿ ತಾಕದ ಹಾಗೆ ಎತ್ತರದಿಂದ ತನ್ನ ಕೈಗೆ ನೀರು ಹೊಯ್ಯುವ ಹೆಂಗಸು ಇವಳೇನಾ ಅನ್ನಿಸಿತು.

ದಡಕ್ಕೆ ಬಂದು ಟವೆಲ್ ಹೊದ್ದ ಮೇಲೆ ವಿಶಾಲಾಕ್ಷಮ್ಮ ಮಗನಿಗೆ ಹೇಳಿದಳು: “ರೂಮಲ್ಲಿ ಬಿಸಿನೀರು ಬಿಡ್ಸೋ. ಸ್ನಾನ ಮಾಡ್ಬೇಕು.”

“ಈಗ್ತಾನೆ ಮಾಡಿದ್ಯಲ್ಲವ್ವ?”

“ಇವ್ಳ ಕತ್ತಿಗೇ ಜೋತುಬಿದ್ದಿದ್ದೆ. ಮೈಲಿಗೆ ಮೈಯಲ್ಲಿ ದೇವ್ರಿಗೆ ಕೈ ಮುಗಿಯಕ್ಕಾದೀತಾ?”

ಅದನ್ನವಳು ಸಿಟ್ಟಿನಿಂದ ಹೇಳಲಿಲ್ಲ. ಸೌದೆ ಒದ್ದೆಯಾಗಿದೆ, ಒಣಗಿಸಬೇಕು ಅನ್ನುವ ಹಾಗೆ ಹೇಳಿದಳು. ಪಂಕಜಾಕ್ಷಿಯ ಕತ್ತಿನ ಮೇಲೆ ಅವಳ ಉಗುರು ಗೀರಿದ ಗಾಯ ಉಪ್ಪಿಗೆ ಉರಿಯುತ್ತಿತ್ತು.

“ನಾನು ಸಮುದ್ರಕ್ಕೂ ಇಳಿದಿದ್ನಲ್ಲವ್ವ,” ಅಂದಳು. “ಅದೂ ಮೈಲಿಗೆ ಆಯ್ತು. ಅದನ್ನ ಯಾತರಲ್ಲಿ ತೊಳೀತೀರಿ?”

ಕುರ್ಚಿಗಳಲ್ಲಿದ್ದವರು ತಿರುಗಿ ನೋಡಿದರು. ರುದ್ರಮೂರ್ತಿಯ ಕಿವಿ ಕೆಂಪಾಯಿತು.

“ಏನಂದೇ ಬೋಸುಡಿ? ನಾಳೆ ಮಂಡಿ ಬಾಗ್ಲಿಗೆ ಬಂದ್ಯೋ, ಕಾಲ್ ಮುರೀತೀನಿ. ನಡಿ, ದೋಣಿ ಹತ್ತು!”

“ಹತ್ತಲ್ಲ. ನಾನಿನ್ನೂ ಸಮುದ್ರ ನೋಡಿಲ್ಲ ಸಾವ್ಕಾರ್ರೆ. ಇಷ್ಟೊತ್ತು ನಿಮ್ಮವ್ವನ್ನ ನೋಡ್ತಿದ್ದೆ.”

ಅವಳು ಚರಂಡಿಯ ಕಡೆ ನಡೆದು ಮಹಬೂಬ್ ಬಿಯ ಕೈ ಹಿಡಿದಳು. “ಬಾ ಅಮ್ಮ.”

“ಕೆಲ್ಸ ಹೋಯ್ತದೆ ಕಣೇ,” ಅಂದಳು ಮುದುಕಿ.

“ನಂದು ಹೋಯ್ತು ಆಗ್ಲೇ.”

ಮಹಬೂಬ್ ಬಿ ಒಂದು ಗಳಿಗೆ ಸಾವ್ಕಾರ ನಿಂತ ಕಡೆ ಮಸುಕು ಕಣ್ಣಲ್ಲೇ ನೋಡಿದಳು. ಆಮೇಲೆ ಚಪ್ಪಲಿ ಕಳಚಿ, ಹಗ್ಗದಡಿ ನುಸುಳಿ ಬಂದಳು. ಉಳಿದವರಲ್ಲಿ ಕೆಲವರು ತಲೆ ತಗ್ಗಿಸಿ ದೋಣಿಯ ಕಡೆ ಹೊರಟರು. ಕೆಲವರು ಇತ್ತಲೂ ಇಲ್ಲ, ಅತ್ತಲೂ ಇಲ್ಲ, ನಿಂತೇ ಇದ್ದರು.

ಕೊಡೆಗಳ ನೇರಕ್ಕೆ, ಎಲ್ಲರ ಕಣ್ಣೆದುರಿಗೇ, ಇಬ್ಬರೂ ನೀರಲ್ಲಿ ಕೂತರು. ಅಲೆ ಬಂದು ಸೊಂಟ ಸುತ್ತಿತು. “ಯಾ ಅಲ್ಲಾ, ಜೀವ ಐತೆ ಕಣೇ ಇದಕ್ಕೆ,” ಅಂದಳು ಮಹಬೂಬ್ ಬಿ.

“ಎಳೆದು ಹಾಕೋ ಅವ್ರನ್ನ!” ರುದ್ರಮೂರ್ತಿ ಕಿರುಚಿದ. ವಾಚ್‌ಮನ್ ಸೀಟಿ ಊದುತ್ತಾ ಓಡಿಬಂದ. ಬೂಟಿನ ತುದಿಗೆ ನೀರು ತಾಕಿತು. ನಿಂತ.

“ಏಳಿ,” ಅಂದ. ಈ ಸಲ ದನಿ ಸಣ್ಣದಾಗಿತ್ತು. “ದೊಡ್ಡ ಅಲೆ ಬರ್ತಾ ಉಂಟು, ಏಳಿ ಮಾರಾಯ್ರೆ.”

ಪಂಕಜಾಕ್ಷಿ ಮುದುಕಿಯ ಸೊಂಟಕ್ಕೆ ಕೈ ಹಾಕಿ ಭದ್ರವಾಗಿ ಹಿಡಿದುಕೊಂಡಳು. ಏಳಲಿಲ್ಲ.